ಸಂಸ್ಥಾಪಕರ ಬೋಗುಣಿ

ಇದು ಆಗುವ ಮಾತಲ್ಲ ಅಂತ ಮೊದಲು ಹೇಳಿದವನು ನನ್ನ ಸೋದರತ್ತೆಯ ಗಂಡ. ತಾಲೂಕು ಕಚೇರಿಯಲ್ಲಿ ಗುಮಾಸ್ತ. ನಮ್ಮ ಬಳಗದಲ್ಲಿ ಅಂಗಿ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ತಿರುಗುತ್ತಿದ್ದ ಒಬ್ಬನೇ ಮನುಷ್ಯ. "ಡಾಂಬರು ಹಾಕೋರ ಮಗಳು ಡಾಕ್ಟರೇಟ್ ಮಾಡಿದ್ರ ರೋಡಿಗೆ ಡಾಂಬರು ಯಾರು ಹಾಕ್ತಾರ, ನಿಮ್ಮ ಪ್ರಿನ್ಸಿಪಾಲ?" ಅಂದು ತಾನೇ ನಕ್ಕ. ಎರಡನೆಯವರು ನಾನು ಎಂಎಸ್ಸಿ ಓದಿದ ಕಾಲೇಜಿನ ವಿಭಾಗದ ಮುಖ್ಯಸ್ಥರು. "ಜಪಾನಾ? ಮೊದಲು ತಡವರಿಸದೆ ಇಂಗ್ಲಿಷ್ ಮಾತಾಡು, ಆಮೇಲೆ ನೋಡೋಣಮ್ಮ." ಮೂರನೆಯವರು ಟೋಕಿಯೊ ಪಕ್ಕದ ಒಂದು ವೈದ್ಯಕೀಯ ವಿಶ್ವವಿದ್ಯಾಲಯದ ನರರೋಗ ವಿಭಾಗದ ಸಹ ಪ್ರಾಧ್ಯಾಪಕರು. ಅವರು ಆಗುವುದಿಲ್ಲ ಅನ್ನಲಿಲ್ಲ. ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, "ಸ್ವಲ್ಪ ಕಷ್ಟವಾಗಬಹುದು" ಅಂದರು. ಜಪಾನಿನಲ್ಲಿ ಒಂದು ಚಳಿಗಾಲ ಕಳೆದವರಿಗೂ ಗೊತ್ತು, ಅದರ ಅರ್ಥ ಬಾಗಿಲು ಮುಚ್ಚಿದೆ ಅಂತ. ಗುಮಾಸ್ತನನ್ನಾದರೆ ಎದುರಿಗೇ ಬೈಯಬಹುದಿತ್ತು. ಇವರಿಗೆ ವಂದನೆ ಹೇಳಿ, ಬಗ್ಗಿ, ಹಿಂದೆ ಸರಿಯುತ್ತ ಹೊರಗೆ ಬರಬೇಕು.

ನಾನು ಅಲ್ಲಿಗೆ ಹೋಗಿದ್ದು ಸ್ಕಾಲರ್‌ಶಿಪ್ ಮೇಲೆ, ನರಕೋಶಗಳ ಕೆಲಸ ಮಾಡಲು. ಹೋದ ಮೇಲೆ ತಿಳಿಯಿತು, ಪ್ರಯೋಗಾಲಯದಲ್ಲಿ ನನಗೆ ಮೇಜಿಲ್ಲ. ವಿಭಾಗದ ವಾರ್ಷಿಕೋತ್ಸವ ಹತ್ತಿರವಾಗುತ್ತಿತ್ತು. ಅಲ್ಲಿ ನಡೆದ ಸಂಶೋಧನೆ, ಪಾಠಗಳ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆಯುವವರು ಬೇಕಿತ್ತು. ವೈದ್ಯರಿಗೆ ಪುರುಸೊತ್ತಿಲ್ಲ, ಹೆಸರು ತರುವ ಕೆಲಸವೂ ಅಲ್ಲ. ವೈದ್ಯೆಯಲ್ಲದ, ಹೊರದೇಶದ, ಹೆಣ್ಣು ಸಿಕ್ಕಳು. "ಇದನ್ನೇ ಪ್ರಬಂಧ ಮಾಡಿಕೊಳ್ಳಿ" ಅಂದರು. ಪಕ್ಕದ ಊರು ಉರಯಾಸುವಿನಲ್ಲಿ ಯುಗಾದಿಗೆ ಸೇರಿದ ಕನ್ನಡದವರ ಮುಂದೆ ಇದನ್ನು ಹೇಳಿದಾಗ ಒಬ್ಬ ಐಟಿ ಮಹಾಶಯ ಹೋಳಿಗೆ ಮುರಿಯುತ್ತ, "ನ್ಯೂರಾಲಜಿ ಓಕೆ. ಹಿಸ್ಟರಿ ಆಫ್ ನ್ಯೂರಾಲಜಿಗೆ ಸ್ಕೋಪ್ ಇದ್ಯಾ?" ಅಂತ ಕೇಳಿದ. ಅವನ ಕಂಪನಿ ಕಳಿಸಿದ್ದರಿಂದ ಅವನು ಜಪಾನು ನೋಡಿದ್ದ, ಕಂಪನಿ ವಾಪಸು ಕರೆದ ದಿನ ಹೋಗುತ್ತಿದ್ದ. ಸ್ಕೋಪಿನ ಬಗ್ಗೆ ನನಗೆ ಪಾಠ!

ವಿಭಾಗದ ಕಾರಿಡಾರಿನಲ್ಲಿ ಹಿಂದಿನ ಪ್ರಾಧ್ಯಾಪಕರ ಫೋಟೋಗಳಿದ್ದವು. ಮೊದಲು ಸಂಸ್ಥಾಪಕರು, ಅವರ ಪಕ್ಕ ಅವರ ಶಿಷ್ಯ, ಆಮೇಲೆ ಶಿಷ್ಯನ ಶಿಷ್ಯ. ಎಲ್ಲರದೂ ಒಂದೇ ಬಗೆಯ ಚೌಕಟ್ಟು, ಒಂದೇ ಬಗೆಯ ಕನ್ನಡಕ. ನಮ್ಮ ಕಡೆ ಮಠಗಳಲ್ಲೂ ಗುರುಪರಂಪರೆಯ ಫೋಟೋಗಳಿರುತ್ತವೆ. ಅಲ್ಲಿ ಕೊನೆಗೆ ದಾಸೋಹದ ಊಟವಾದರೂ ಸಿಗುತ್ತದೆ. ಇಲ್ಲಿ ಸಿಗುತ್ತಿದ್ದುದು ಸಂಸ್ಥಾಪಕರ ಸಿನಿಮಾ. ಪ್ರತಿ ಏಪ್ರಿಲ್‌ನಲ್ಲಿ ಹೊಸ ವಿದ್ಯಾರ್ಥಿಗಳನ್ನು ಕತ್ತಲ ಕೋಣೆಯಲ್ಲಿ ಕೂರಿಸಿ ಅದನ್ನು ತೋರಿಸುತ್ತಿದ್ದರು. ಕಪ್ಪು-ಬಿಳುಪು, ಮಾತಿಲ್ಲ. ಸಂಸ್ಥಾಪಕರು ಒಬ್ಬ ರೋಗಿಯ ಅಂಗಾಲನ್ನು, ನರ ಪರೀಕ್ಷಿಸುವ ಪುಟ್ಟ ಸುತ್ತಿಗೆಯ ಹಿಡಿಯಿಂದ, ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರುತ್ತಾರೆ. ಹೆಬ್ಬೆರಳು ಕೆಳಗೆ ಮಡಚಿದರೆ ಸರಿ. ಮೇಲೆದ್ದರೆ ಮಿದುಳಿನಿಂದ ಬೆನ್ನುಹುರಿವರೆಗೆ ಎಲ್ಲೋ ಪೆಟ್ಟಾಗಿದೆ ಅಂತ. ಈ ಗೀರುವ ಶೈಲಿ, ಮಣಿಕಟ್ಟಿನ ಆ ತಿರುವು, ನಮ್ಮ ವಿಭಾಗದ ಹೆಮ್ಮೆ. ಬೇರೆ ಕಡೆ ಕಲಿತ ವೈದ್ಯ ಬಂದರೆ ಅವನ ಮಣಿಕಟ್ಟನ್ನು ಮೊದಲು ತಿದ್ದುತ್ತಿದ್ದರು.

ಸಿನಿಮಾದ ಶುರುವಿನಲ್ಲಿ, ಚೌಕಟ್ಟಿನ ಅಂಚಿನಲ್ಲಿ, ಒಬ್ಬ ನರ್ಸ್ ಹಬೆಯಾಡುವ ಬೋಗುಣಿಯನ್ನು ಎತ್ತಿಕೊಂಡು ಹೊರಗೆ ಹೋಗುತ್ತಾಳೆ. ಹೆಗಲ ಮೇಲೆ ಟವೆಲ್. ಅದೇನು ಅಂತ ನಾನು ಮೊದಲ ವರ್ಷವೇ ಕೇಳಿದೆ.

"ಸ್ವಚ್ಛತೆ" ಅಂದರು ಸಹ ಪ್ರಾಧ್ಯಾಪಕರು. "ಸಂಸ್ಥಾಪಕರು ಬಹಳ ಸ್ವಚ್ಛ ಮನುಷ್ಯ."

ಸುತ್ತ ಇದ್ದವರು ಹ್ಞೂಂ ಹ್ಞೂಂ ಅಂತ ತಲೆಯಾಡಿಸಿದರು. ಅಷ್ಟು ವರ್ಷ ಸಂಸ್ಥಾಪಕರ ಮಣಿಕಟ್ಟನ್ನು ಧ್ಯಾನಿಸಿದ ಇಷ್ಟು ಜನ ವಿದ್ವಾಂಸರಲ್ಲಿ ಒಬ್ಬನಿಗೂ ಆ ಹೆಂಗಸು ಬಿಸಿನೀರು ಯಾಕೆ ಹೊತ್ತಳು ಅನ್ನುವ ಕುತೂಹಲ ಇರಲಿಲ್ಲ.

ಮೂರನೇ ವರ್ಷ ಗದಗಿನ ಕಡೆಯ ಒಬ್ಬ ಮುದುಕಿ ವಾರ್ಡಿಗೆ ಬಂದಳು. ಗ್ಯೋಟೋಕುವಿನಲ್ಲಿದ್ದ ಮಗನ ಮನೆಗೆ ಬಂದವಳು, ಸ್ಟೇಷನ್ ಮೆಟ್ಟಿಲಲ್ಲಿ ಕಾಲು ಸೋತು ಕೂತಿದ್ದಳು. ಆಮೇಲೆ ಕಾಲು ದಿನದಿನಕ್ಕೂ ಸೋಲುತ್ತ ಬಂತು. ಜೀವಮಾನವೆಲ್ಲ ಸಂತೆಯಲ್ಲಿ ಬರಿಗಾಲಲ್ಲಿ ನಿಂತು ತರಕಾರಿ ಮಾರಿದವಳು. ದುಭಾಷಿ ಬೇಕು ಅಂತ ನನ್ನನ್ನು ಕರೆದರು.

ಬುಧವಾರ ಪ್ರಾಧ್ಯಾಪಕರ ಸವಾರಿ. ಮುಂದೆ ಪ್ರಾಧ್ಯಾಪಕರು, ಹಿಂದೆ ಪದವಿಯ ಕ್ರಮದಲ್ಲಿ ಬಿಳಿ ಕೋಟುಗಳು, ಬಾಲದಲ್ಲಿ ವಿದ್ಯಾರ್ಥಿಗಳು. ಮುದುಕಿ ಆ ದಂಡನ್ನು ನೋಡಿ, "ಯವ್ವಾ, ಇಷ್ಟು ಮಂದಿ ಬಂದಾರಲ್ಲ, ನಾ ಸತ್ತೇನೇನು?" ಅಂದಳು.

"ಇಲ್ಲಜ್ಜಿ, ನೋಡಾಕ ಬಂದಾರ."

"ನೋಡಾಕ ಬಂದೋರು ಕೈಯಾಗ ಸುತ್ತಿಗಿ ಯಾಕ ಹಿಡದಾರ?"

ಪ್ರಾಧ್ಯಾಪಕರು ಆ ಪ್ರಸಿದ್ಧ ತಿರುವಿನಲ್ಲಿ ಅಂಗಾಲು ಗೀರಿದರು. ಏನೂ ಆಗಲಿಲ್ಲ. ಇನ್ನೊಂದು ಕಾಲು ಗೀರಿದರು. ಬೆರಳು ಮೇಲೂ ಇಲ್ಲ, ಕೆಳಗೂ ಇಲ್ಲ. "ಕೆರೀಲಿ ಬಿಡು, ಯಾರೂ ಇಲ್ಲೀತನಕ ಕೆರೆದಿಲ್ಲ" ಅಂದಳು ಮುದುಕಿ. ನಾನು ಅದನ್ನು ಅನುವಾದ ಮಾಡಲಿಲ್ಲ. ಎರಡೂ ಕಡೆ ಪ್ರತಿಕ್ರಿಯೆ ಇಲ್ಲ ಅಂತ ಪ್ರಾಧ್ಯಾಪಕರು ಘೋಷಿಸಿದರು. ಹಳೆಯ ಸಕ್ಕರೆ ಕಾಯಿಲೆ, ಸವೆದ ಮಂಡಿ ಬೇರೆ ಇದ್ದವು. ದೋಷ ಕಾಲಿನ ನರಗಳದ್ದೇ ಎಂದು ತೀರ್ಮಾನವಾಯಿತು. ಅದು ಸಕ್ಕರೆಯದ್ದೋ ಬೇರೆಯದ್ದೋ ತಿಳಿಯಲು ಪಾದದ ಹತ್ತಿರದ ನರದ ಒಂದು ತುಂಡು ಕತ್ತರಿಸಿ ನೋಡಬೇಕು ಅಂದರು. ಕತ್ತರಿಸಿದ ಜಾಗ ಜೋಮು ಹಿಡಿದೇ ಉಳಿಯಬಹುದು. ಬೆರಳು ಮೇಲೇಳದ್ದರಿಂದ ಬೆನ್ನುಹುರಿಯ, ಕತ್ತಿನ ಸ್ಕ್ಯಾನಿನ ಮಾತೇ ಬರಲಿಲ್ಲ. ಎಲ್ಲರೂ ಬರೆದುಕೊಂಡರು.

ಮಗ ನನ್ನನ್ನು ಕಾರಿಡಾರಿನಲ್ಲಿ ಹಿಡಿದ. "ಮೇಡಂ, ನರ್ವ್ ಕಟ್ ಮಾಡ್ತಾರಂತೆ. ಸೀರಿಯಸ್ಸಾ? ಬೇಡ ಅಂದ್ರೆ ಅವರಿಗೆ ಬೇಜಾರಾಗುತ್ತಾ?"

ಅಮ್ಮನ ಕಾಲಿನ ನರ ಕತ್ತರಿಸುವಾಗಲೂ ಇವನಿಗೆ ಡಾಕ್ಟರ ಬೇಜಾರಿನ ಚಿಂತೆ. ನನ್ನ ಕಣ್ಣ ಮುಂದೆ ಆ ಅಂಗಾಲು ಇತ್ತು: ಹಳದಿ ಬಣ್ಣದ, ಸೀಳು ಬಿಟ್ಟ, ಎತ್ತಿನ ಗೊರಸಿನಂಥ ತೊಗಲು. ಅಂಥ ಅಂಗಾಲುಗಳ ನಡುವೆಯೇ ನಾನು ಬೆಳೆದದ್ದು. ನಮ್ಮವ್ವ ಹಬ್ಬದ ಮುಂಚೆ ಪಾದಗಳನ್ನು ಬಿಸಿನೀರಲ್ಲಿ ನೆನೆಸಿ ಕಲ್ಲಿನಿಂದ ತಿಕ್ಕುತ್ತಿದ್ದಳು. ನೆನೆಸುವ ಮೊದಲು ಮುಳ್ಳು ಚುಚ್ಚಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ನೆನೆಸಿದ ಮೇಲೆ ನಾವು ಬೆರಳಾಡಿಸಿದರೆ ಕಚಗುಳಿಯಾಗಿ ಒದೆಯುತ್ತಿದ್ದಳು.

ಆಗ ಹೊಳೆಯಿತು ಬೋಗುಣಿ. ಸಂಸ್ಥಾಪಕರ ಕಾಲದ ರೋಗಿಗಳು ಮೀನುಗಾರರು, ಗದ್ದೆಯವರು. ಗೀರಿದರೆ ನರಕ್ಕೆ ತಾಗಲಿ ಅಂತ ಮೊದಲು ಅಂಗಾಲು ನೆನೆಸುತ್ತಿದ್ದರು. ದೇಶ ಬೂಟು ಹಾಕಿಕೊಂಡಿತು, ಬೋಗುಣಿ ಬೇಡವಾಯಿತು, ಶಿಷ್ಯರು ಮಣಿಕಟ್ಟನ್ನಷ್ಟೇ ಉಳಿಸಿಕೊಂಡರು.

ನಾನು ವೈದ್ಯೆಯಲ್ಲ, ರೋಗಿಯನ್ನು ಪರೀಕ್ಷಿಸುವ ಹಕ್ಕು ನನಗಿಲ್ಲ. ವಾರ್ಡಿನ ಕಿರಿಯ ವೈದ್ಯೆಗೆ ಹೇಳಿದೆ. ಅವಳು ಹೆದರಿದಳು. "ಪ್ರಾಧ್ಯಾಪಕರು ನೋಡಿಯಾಗಿದೆಯಲ್ಲ" ಅಂದಳು.

"ಕಾಲು ತೊಳೆಯೋದಕ್ಕೂ ಅವರ ಅಪ್ಪಣೆ ಬೇಕಾ?" ಅಂದೆ.

ಮಗ ಹಂಡ್ರೆಡ್ ಯೆನ್ ಅಂಗಡಿಯಿಂದ ಕಾಲು ತಿಕ್ಕುವ ಕಲ್ಲು ತಂದ. ನಾನು ನೆನೆಸಿ ತಿಕ್ಕಿದೆ. ಮುದುಕಿ ಕಣ್ಣು ಮುಚ್ಚಿ, "ಸೊಸಿ ಒಂದಿನ ಹಿಂಗ ತಿಕ್ಕಲಿಲ್ಲ ನೋಡು" ಅಂತ ಮಗನಿಗೆ ಕೇಳುವ ಹಾಗೆ ಹೇಳಿದಳು. ಕಿರಿಯ ವೈದ್ಯೆ ಗೀರಿದಳು. ಹೆಬ್ಬೆರಳು ನಿಧಾನವಾಗಿ ಮೇಲೆದ್ದಿತು. ಇನ್ನೊಂದು ಕಾಲಲ್ಲೂ ಎದ್ದಿತು. ತೊಂದರೆ ಇದ್ದದ್ದು ಕಾಲಿನಲ್ಲಲ್ಲ, ಮೇಲೆ ಬೆನ್ನುಹುರಿಯಲ್ಲಿ. ಸ್ಕ್ಯಾನಿನಲ್ಲಿ ಕತ್ತಿನ ಹತ್ತಿರ ಹುರಿ ಅದುಮಿಹೋಗಿದ್ದು ಕಂಡಿತು.

ಈಗ ಪ್ರಾಧ್ಯಾಪಕರು ತಪ್ಪಿದರು ಅಂತ ಯಾರು ಹೇಳಬೇಕು? ಯಾರೂ ಹೇಳಬೇಕಾಗಿಲ್ಲ. ಕಿರಿಯ ವೈದ್ಯೆ ತನಗಿಂತ ಮೇಲಿನವರ ಕೋಣೆಗೆ ಹೋದಳು, ಅವರು ಸಹ ಪ್ರಾಧ್ಯಾಪಕರ ಕೋಣೆಗೆ, ಅವರು ಪ್ರಾಧ್ಯಾಪಕರ ಕೋಣೆಗೆ. ಸಭೆಗೆ ಮೊದಲೇ ಒಬ್ಬೊಬ್ಬರನ್ನೂ ಹೀಗೆ ಗುಟ್ಟಾಗಿ ಒಪ್ಪಿಸುವುದಕ್ಕೆ ಇಲ್ಲಿ ನೆಮವಾಶಿ ಅನ್ನುತ್ತಾರೆ. ಮುಂದಿನ ಬುಧವಾರ ದಂಡು ಮತ್ತೆ ಬಂತು. ನೆನೆದು ಮೆತ್ತಗಾದ ಅಂಗಾಲನ್ನು ಪ್ರಾಧ್ಯಾಪಕರು ಗೀರಿದರು, ಬೆರಳೆದ್ದಿತು. ಅವರು ಗಂಭೀರವಾಗಿ ವಿದ್ಯಾರ್ಥಿಗಳ ಕಡೆ ತಿರುಗಿ ಹೇಳಿದರು: "ನೋಡಿ, ಒಂದು ವಾರದಲ್ಲಿ ರೋಗ ಎಷ್ಟು ಮುಂದುವರಿದಿದೆ."

ಎಲ್ಲರೂ ಬರೆದುಕೊಂಡರು. ಕಿರಿಯ ವೈದ್ಯೆಯೂ.

"ಏನಂತ?" ಅಂದಳು ಮುದುಕಿ.

"ನಿನ್ನ ರೋಗ ದೊಡ್ಡದಾಗೇತಂತ."

"ಮೊನ್ನಿ ಆತಗ ತಿಳೀಲಿಲ್ಲಲ್ಲ, ಆಗ ಸಣ್ಣೋನಿದ್ದನೇನು?"

ಅವಳಿಗೆ ಕತ್ತಿನ ಆಪರೇಷನ್ ಆಯಿತು. ಕೋಲು ಹಿಡಿದು ಊರಿಗೆ ಹೋದಳು. ನಾನು ಪ್ರಬಂಧದಲ್ಲಿ ಬೋಗುಣಿಯ ಅಧ್ಯಾಯ ಬರೆದೆ: ಒಂದು ವಿಭಾಗ ತನ್ನ ಗುರುವಿನ ಕೈಯನ್ನು ನಕಲು ಮಾಡುತ್ತ ಗುರುವಿನ ಬುದ್ಧಿಯನ್ನು ಹೇಗೆ ಕಳೆದುಕೊಂಡಿತು ಅಂತ. ಸಹ ಪ್ರಾಧ್ಯಾಪಕರು ಓದಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದರು. ಪ್ರಬಂಧ ಒಪ್ಪುವ ಮೊದಲು ಪರೀಕ್ಷಕರ ಮುಂದೆ ಕೂರಬೇಕಾದ ನನ್ನ ಪೂರ್ವ ಪರೀಕ್ಷೆ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಹೋಯಿತು. ಸ್ಕಾಲರ್‌ಶಿಪ್ ಮುಗಿಯುವ ವಸಂತ ಹತ್ತಿರ ಬರುತ್ತಿತ್ತು. ಪದವಿ ಇಲ್ಲದೆ ಹೊರಟರೆ ನಾನು ಊರಿಗೆ ಒಯ್ಯುವುದು ಒಂದು ಚಳಿಗಾಲದ ಕೋಟು ಮಾತ್ರ.

"ಅಧ್ಯಾಯ ತೆಗೆದರೆ ಸಲೀಸಾಗಬಹುದು ಅಲ್ಲವೇ" ಅಂದರು ಅವರು, ಬಹಳ ಮೃದುವಾಗಿ.

ಅಧ್ಯಾಯ ತೆಗೆದರೆ ಉಳಿಯುವುದು ಫೋಟೋಗಳ ಸಾಲು. ಅದನ್ನು ಬರೆಯಲು ನನ್ನ ಬದಲು ಒಂದು ಕ್ಯಾಮೆರಾ ಸಾಕಿತ್ತು. ನಾನು ತೆಗೆಯಲಿಲ್ಲ. ಅವರ ವಿದ್ಯೆಯನ್ನೇ ಅವರ ಮೇಲೆ ಮಾಡಿದೆ. ಪರೀಕ್ಷಕರ ಕೋಣೆಗಳಿಗೆ ಒಂದೊಂದಾಗಿ ಹೋದೆ, ಕೈಯಲ್ಲಿ ಸಿಹಿಯ ಡಬ್ಬಿ, ಬಾಯಲ್ಲಿ ಸುಮಿಮಾಸೆನ್, ಅಂದರೆ ಕ್ಷಮಿಸಿ. ಬಗ್ಗಿದೆ. "ಸಂಸ್ಥಾಪಕರ ದೂರದೃಷ್ಟಿಯನ್ನು ಜಗತ್ತು ಇನ್ನೂ ಅರಿತಿಲ್ಲ" ಅಂದೆ. "ಅಂಗಾಲು ನೆನೆಸುವುದು ನಮ್ಮ ವಿಭಾಗದ ಮೂಲ ಕೊಡುಗೆ, ಅದನ್ನು ಮರಳಿ ಸ್ಥಾಪಿಸುವ ಗೌರವ ಈಗಿನ ಪ್ರಾಧ್ಯಾಪಕರಿಗೇ ಸಲ್ಲಬೇಕು" ಅಂದೆ. ಅಧ್ಯಾಯದ ಒಂದು ಸಂಗತಿಯನ್ನೂ ಬದಲಿಸಲಿಲ್ಲ. ತಲೆಬರಹ ಮಾತ್ರ ಬದಲಿಸಿ ಅದಕ್ಕೊಂದು ಹಾರ ಹಾಕಿದೆ. ಸಂಸ್ಥಾಪಕರಿಗೆ ಹಾರ ಬೇಡ ಅನ್ನುವ ಧೈರ್ಯ ಆ ಕಟ್ಟಡದಲ್ಲಿ ಯಾರಿಗಿತ್ತು?

ಪೂರ್ವ ಪರೀಕ್ಷೆಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಕೊನೆಗೆ ಪ್ರಾಧ್ಯಾಪಕರು ಎದ್ದು, ನೆನೆಸುವ ಪದ್ಧತಿಯನ್ನು ತಾವು ಯಾವಾಗಲೂ ಎತ್ತಿಹಿಡಿದುದಾಗಿ ಹೇಳಿದರು. ಆ ಏಪ್ರಿಲ್‌ನಿಂದ ಪಾಠದ ಕೋಣೆಯಲ್ಲಿ ಒಂದು ಹೊಚ್ಚಹೊಸ ಪ್ಲಾಸ್ಟಿಕ್ ಬೋಗುಣಿ ಇದೆ ಅಂತ ಕೇಳಿದೆ. ವಿದ್ಯಾರ್ಥಿಗಳು ಅದನ್ನು ಹಿಡಿಯುವ ಸರಿಯಾದ ಕ್ರಮ ಕಲಿಯುತ್ತಿದ್ದಾರಂತೆ.

ಪದವಿ ಪ್ರದಾನಕ್ಕೆ ಅವ್ವ ಬಂದಳು. ಅವ್ವನ ಹೊಸ ಬೂಟು ಅವಳನ್ನು ಕಚ್ಚುತ್ತಿತ್ತು. ಸೀರೆಯ ಮೇಲೆ ನನ್ನ ಕೋಟು. ಸಭಾಂಗಣದಲ್ಲಿ ಎಲ್ಲರೂ ಕಪ್ಪು ಬಟ್ಟೆಯಲ್ಲಿ, ಉಸಿರು ಬಿಗಿಹಿಡಿದು, ಯಾರದೋ ಮೂರನೇ ದಿನಕ್ಕೆ ಬಂದವರ ಹಾಗೆ ಕೂತಿದ್ದರು. ಕುಲಪತಿಗಳು ನನ್ನ ಹೆಸರನ್ನು ತುಂಡುತುಂಡು ಮಾಡಿ ಓದಿದರು. ಮೆಟ್ಟಿಲು ಹತ್ತಿ ಬಗ್ಗಿದೆ. ಎರಡೂ ಕೈ ಚಾಚಿ ಪ್ರಮಾಣಪತ್ರ ತೆಗೆದುಕೊಂಡೆ, ಮತ್ತೆ ಬಗ್ಗಿದೆ. ಹಿಂದೆ ಸರಿದು, ಸಾಲಾಗಿ ಕೂತಿದ್ದ ಪ್ರಾಧ್ಯಾಪಕರ ಕಡೆ ತಿರುಗಿ ಬಗ್ಗಿದೆ. ಹೊರಗೆ ಸಹ ಪ್ರಾಧ್ಯಾಪಕರು ಸಿಕ್ಕು, "ಒಮೆದೆತೋ" ಅಂತ ಅಭಿನಂದಿಸಿದರು, ಅವರಿಗೂ ಬಗ್ಗಿದೆ.

ಅವ್ವನ ಕೈಗೆ ಪ್ರಮಾಣಪತ್ರ ಕೊಟ್ಟೆ. ಅವಳು ತಲೆಕೆಳಗಾಗಿ ಹಿಡಿದು ನೋಡಿದಳು, ನಾನು ತಿರುಗಿಸಿ ಕೊಟ್ಟೆ. ಮೇಲಿನ ಕೆಂಪು ಮುದ್ರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು.

"ಭಾಳ ಬಗ್ಗಿದಿ ನೀ. ಸಿಕ್ತಲ್ಲ, ಇನ್ನ ನೆಟ್ಟಗ ನಿಲ್ಲು."