ಒಂದೇ ಜಾಗದಲ್ಲಿ ಸವೆದ ಹಲ್ಲುಗಳು

ಹಿರಿಯೂರಿನಲ್ಲಿ ನನ್ನದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ಕ್ಯಾಮೆರಾ ನನ್ನ ಕೆಲಸವಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ನನ್ನ ಸೋದರಮಾವ ತಮ್ಮ ಸ್ಟುಡಿಯೋದ ಹಳೆಯ ಮರದ ಕ್ಯಾಮೆರಾವನ್ನು ಕರಿ ಕಂಬಳಿಯಲ್ಲಿ ಸುತ್ತಿ, ಹೊಸದುರ್ಗದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ನನ್ನ ಮೇಜಿನ ಮೇಲೆ ಅದನ್ನು ಇಳಿಸಿ, ಕಂಬಳಿಯನ್ನು ಬಿಡಿಸಿ, ಮಡಚಿ, ಯಾರ ಕಾಲೂ ತಾಗದ ಹಾಗೆ ಕಪಾಟಿನ ಮೇಲಿಟ್ಟರು. ನಮ್ಮದು ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಮನೆತನ. ಕಂಬಳಿಗೆ ಕಾಲು ತಾಗಿಸುವುದು ನಮ್ಮಲ್ಲಿ ಇಲ್ಲ.

ತೇಗದ ಪೆಟ್ಟಿಗೆ, ಹಿತ್ತಾಳೆಯ ಮೂಲೆಗಳು, ನಡುವೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಚರ್ಮ. ಮುಂದೆ ಲೆನ್ಸ್, ಹಿಂದೆ ಅಂಗೈಗಿಂತ ದೊಡ್ಡದಾದ ಮಸುಕು ಗಾಜು. ಪಕ್ಕದ ಗುಂಡಿ ತಿರುಗಿಸಿದರೆ ಲೆನ್ಸ್ ಇರುವ ಹಲಗೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಎದುರಿಗೆ ಕುಳಿತವರು ಆ ಗಾಜಿನ ಮೇಲೆ ತಲೆಕೆಳಗಾಗಿ ಕಾಣುತ್ತಾರೆ. ಹಲಗೆ ಸರಿಯಾದ ಜಾಗಕ್ಕೆ ಬಂದಾಗ ರೆಪ್ಪೆಯ ಕೂದಲೂ ಎಣಿಸುವ ಹಾಗೆ ಮೂಡುತ್ತದೆ. ಇದನ್ನು ನಾನು ಹುಡುಗನಾಗಿದ್ದಾಗ, ಬೆಳಕು ತಡೆಯಲು ಹೊದಿಸುತ್ತಿದ್ದ ಇದೇ ಕಂಬಳಿಯೊಳಗೆ ತಲೆ ತೂರಿಸಿ ನೋಡಿದ್ದೆ.

"ಗುಂಡಿ ಸಲೀಸಾಗಿ ತಿರುಗಂಗೆ ಮಾಡು, ಅಷ್ಟು ಸಾಕು," ಎಂದರು ಮಾವ. "ದುರ್ಗದ ಕೋಟೆ ಹತ್ರ ಹೊಸ ಹೋಟೆಲ್ ಮಾಡ್ಯಾರೆ. ಬಾಗಿಲಾಗೆ ಇಡಾಕೆ ಹಳೇ ಸಾಮಾನು ಬೇಕಂತೆ. ಬಂದೋರು ತಿರುಗಿಸಿ ನೋಡ್ಕಳ್ಲಿ."

"ಕೊಟ್ಟೇ ಬಿಡ್ತೀರಾ ಮಾವ?"

"ಇಟ್ಕಂಡು ಏನ್ ಮಾಡಾಣಪ್ಪ? ಕಣ್ಣಿಲ್ದೋನ ಮನ್ಯಾಗೆ ಕ್ಯಾಮೆರಾ."

ಮಾವ ಕುರುಡರಲ್ಲ. ಆ ದಿನ ಬಸ್ ಸ್ಟ್ಯಾಂಡಿನಿಂದ ನನ್ನ ಅಂಗಡಿಗೆ ಒಬ್ಬರೇ ನಡೆದು ಬಂದಿದ್ದರು. ಆದರೆ ಸ್ಟುಡಿಯೋ ನಿಲ್ಲಿಸಿದಂದಿನಿಂದ ತಮ್ಮ ಕಣ್ಣನ್ನು ಅವರು ನಂಬುತ್ತಿರಲಿಲ್ಲ. ಎದುರಿಗೆ ಬಂದ ಬಸ್ಸಿನ ಬೋರ್ಡನ್ನು ತಾವು ಓದಿಕೊಂಡರೂ, "ಏನ್ ಬರದೈತೆ ನೋಡೇ," ಎಂದು ಅತ್ತೆಯನ್ನು ಕೇಳಿಯೇ ಹತ್ತುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂರುತ್ತಿರಲಿಲ್ಲ.

ಕಾರಣ ಒಂದು ಫೋಟೊ. ಹಾಲುರಾಮೇಶ್ವರದ ಕಡೆಯಿಂದ ಒಬ್ಬ ಹಿರಿಯರು, ಹೊಸದಾಗಿ ನೇಯಿಸಿದ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ಮಕ್ಕಳು ಸೊಸೆಯರೊಂದಿಗೆ ಬಂದಿದ್ದರು. ತಮ್ಮದೊಂದು ಒಳ್ಳೆಯ ಫೋಟೊ ಮನೆಯಲ್ಲಿರಲಿ ಎಂದು ಬಂದವರು. ಮಾವ ಗಾಜಿನ ಮೇಲೆ ಮುಖವನ್ನು ಸ್ಪಷ್ಟವಾಗಿ ಕೂರಿಸಿ ತೆಗೆದರು. ತೊಳೆದು ನೋಡಿದರೆ ಮುಖ ಹೊಗೆಯಾಡಿದ ಹಾಗೆ. ಹಿಂದಿದ್ದ ಪರದೆಯ ಹೂವುಗಳು ಮಾತ್ರ ಒಂದೊಂದೂ ಸ್ಪಷ್ಟ. ಮತ್ತೆ ಕರೆಸಲು ಹೋದಾಗ ಆ ಹಿರಿಯರು ಹಾಸಿಗೆ ಹಿಡಿದಿದ್ದರು. ಮನೆಯವರು ಜಗಳವಾಡಲಿಲ್ಲ. "ಚೆನ್ನಾಗೈತೆ ಬಿಡ್ರಿ," ಎಂದು ಆ ಫೋಟೊವನ್ನೇ ತೆಗೆದುಕೊಂಡರು. ಆಮೇಲೆ ತೆಗೆದ ಫೋಟೊಗಳೂ ಹಾಗೆಯೇ ಬಂದವು. ಕಣ್ಣಿನ ಡಾಕ್ಟರು ಪರೀಕ್ಷಿಸಿ, ವಯಸ್ಸಿಗೆ ತಕ್ಕ ಕನ್ನಡಕ ಕೊಟ್ಟು, ದೃಷ್ಟಿ ಚೆನ್ನಾಗಿದೆ ಎಂದರು. "ಅವ್ರು ಗೋಡೆ ಮ್ಯಾಲಿನ ಅಕ್ಷರ ಓದಿಸ್ತಾರೆ," ಎಂದು ಮಾವ ಆ ಮಾತನ್ನು ತಳ್ಳಿಹಾಕಿ, ಸ್ಟುಡಿಯೋ ಬಾಗಿಲು ಹಾಕಿದರು.

ಅವರು ಊರಿಗೆ ಹೋದ ಮೇಲೆ ನಾನು ಕ್ಯಾಮೆರಾದ ಕೆಳಭಾಗವನ್ನು ಬಿಚ್ಚಿದೆ. ಲೆನ್ಸಿನ ಹಲಗೆಯ ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಹಲ್ಲು ಕೊರೆದ ಹಿತ್ತಾಳೆ ಪಟ್ಟಿ. ಗುಂಡಿಯ ಕಂಬಿಗೆ ಉಕ್ಕಿನ ಎರಡು ಚಿಕ್ಕ ಹಲ್ಲುಗಾಲಿ. ಗಾಲಿ ತಿರುಗಿದರೆ ಪಟ್ಟಿ ಸರಿಯಬೇಕು. ಪಟ್ಟಿಯ ಹಲ್ಲುಗಳು ಕಾಣುತ್ತಲೇ ಇರಲಿಲ್ಲ. ದಬ್ಬಳದಿಂದ ಮೀಟಿದೆ. ಮೊದಲು ಮೇಣದಂತೆ ಗಟ್ಟಿಯಾದ ಕಪ್ಪು ಜಿಡ್ಡು ಬಂತು, ಹರಳೆಣ್ಣೆಯ ವಾಸನೆ. ಅದರೊಳಗೆ ಕಂಬಳಿಯ ಉಣ್ಣೆಯ ಎಳೆಗಳು. ಇನ್ನೂ ಕೆಳಗೆ ಕೆಂಪು. ಬೆರಳಲ್ಲಿ ಉಜ್ಜಿದೆ: ಕುಂಕುಮ. ಪ್ರತಿ ಆಯುಧಪೂಜೆಗೆ ಹಚ್ಚಿದ ಕುಂಕುಮ ಮತ್ತು ವಿಭೂತಿ ಎಣ್ಣೆಯೊಡನೆ ಇಳಿದು, ಹಲ್ಲಿನ ಸಂದಿಯಲ್ಲಿ ಪದರ ಪದರವಾಗಿ ಕುಳಿತಿದ್ದವು.

ನನಗೆ ಕೂಡಲೇ ತಿಳಿಯಿತು. ನಮ್ಮ ಮನೆಗಳಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗೆ ಪ್ರತಿ ಸಲವೂ ಹರಳೆಣ್ಣೆ ಹಚ್ಚುತ್ತಾರೆ. ಹಚ್ಚದೆ ಇಟ್ಟರೆ ಹಿರಿಯರು ಬೈಯುತ್ತಾರೆ. ಕತ್ತರಿಗೆ ಅದು ಒಳ್ಳೆಯದು, ಏಕೆಂದರೆ ಮತ್ತೆ ಮತ್ತೆ ಒರೆಸಿ ಮಸೆಯುತ್ತಾರೆ. ಮಾವ ಈ ಹಲ್ಲುಗಳಿಗೂ ಹಾಗೆಯೇ ಎಣ್ಣೆ ಬಿಟ್ಟಿದ್ದರು, ಆದರೆ ಇವನ್ನು ಯಾರೂ ಒರೆಸಿರಲಿಲ್ಲ. ಎಣ್ಣೆ ನಮ್ಮ ಸೀಮೆಯ ಧೂಳನ್ನು ಹಿಡಿದುಕೊಂಡಿತು. ಗುಂಡಿ ತಿರುಗಿದಾಗಲೆಲ್ಲ ಆ ಧೂಳು ಅರದಂತೆ ಹಿತ್ತಾಳೆಯನ್ನು ತಿಂದಿತು. ಎಣ್ಣೆ ಹಚ್ಚದೆ ಹಾಗೆಯೇ ಬಿಟ್ಟಿದ್ದರೆ ಇನ್ನೊಂದು ತಲೆಮಾರು ಬಾಳುತ್ತಿತ್ತು.

ಪಟ್ಟಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಆಗ ಕಂಡಿತು. ಪಟ್ಟಿಯ ಎರಡೂ ತುದಿಗಳಲ್ಲಿ ಹಲ್ಲುಗಳು ಹೊಸದರಂತೆಯೇ ಇದ್ದವು, ಅಂಚು ಉಗುರಿಗೆ ಹತ್ತುವಷ್ಟು ಚೂಪು. ನಡುವಿನಿಂದ ತುಸು ಆಚೆ, ಹೆಬ್ಬೆರಳಿನ ಅಗಲದಷ್ಟು ಜಾಗದಲ್ಲಿ ಮಾತ್ರ ಹಲ್ಲುಗಳು ಸವೆದು, ಮುದುಕರ ವಸಡಿನಂತೆ ದುಂಡಗಾಗಿದ್ದವು. ಎಡದ ಪಟ್ಟಿಯಲ್ಲಿ ಎಲ್ಲಿಯೋ ಬಲದ ಪಟ್ಟಿಯಲ್ಲೂ ಅಲ್ಲಿಯೇ.

ಮಾವನ ಸ್ಟುಡಿಯೋದ ಕೆಂಪು ಗಾರೆಯ ನೆಲದಲ್ಲಿ ನಾಲ್ಕು ಚಿಕ್ಕ ಗುಳಿಗಳಿದ್ದವು. ಬಂದವರು ಕುರ್ಚಿ ಎಳೆದಾಡದಿರಲಿ ಎಂದು ಕುರ್ಚಿಯ ಕಾಲುಗಳು ಅದರಲ್ಲಿ ಕೂರುವ ಹಾಗೆ ಅವರೇ ಮಾಡಿಸಿದ್ದು. ಕ್ಯಾಮೆರಾದ ಸ್ಟ್ಯಾಂಡಿಗೂ ಗುರುತಿತ್ತು. ಹಾಗಾಗಿ ಹೊಳಲ್ಕೆರೆಯಿಂದ ಬಂದ ಮದುಮಕ್ಕಳು, ಹರಿಯಬ್ಬೆಯಿಂದ ಬಂದ ಬಾಣಂತಿ, ಪರೀಕ್ಷೆಯ ಅರ್ಜಿಗೆ ಫೋಟೊ ಬೇಕಾಗಿ ಬಂದ ಹುಡುಗರು, ಎಲ್ಲರೂ ಲೆನ್ಸಿನಿಂದ ಒಂದೇ ದೂರದಲ್ಲಿ ಕುಳಿತಿದ್ದರು. ಎಲ್ಲರಿಗಾಗಿಯೂ ಗಾಲಿ ಇದೇ ಹಲ್ಲುಗಳ ಮೇಲೆ ಹಿಂದೆ ಮುಂದೆ ಆಡಿ, ಇಲ್ಲಿಯೇ ನಿಂತಿತ್ತು. ಒಂದು ಸೀಮೆಯ ಜನರ ಮುಖಗಳೆಲ್ಲ ಸೇರಿ ಲೋಹದಲ್ಲಿ ಮಾಡಿದ ತಗ್ಗು ಅದು. ನಾನು ಅದರ ಮೇಲೆ ಬೆರಳಿಟ್ಟೆ. ನಮ್ಮವ್ವನೂ ಆ ಕುರ್ಚಿಯಲ್ಲಿ ಕುಳಿತಿದ್ದಳು.



ಆಮೇಲೆ ಇನ್ನೊಂದು ಹೊಳೆಯಿತು. ಪಟ್ಟಿಗಳನ್ನು ಮತ್ತೆ ಹಾಗೆಯೇ ಕೂರಿಸಿ, ಗಾಲಿಯನ್ನು ಆ ಸವೆದ ಜಾಗಕ್ಕೆ ತಂದು, ಹಲಗೆ ನಿಂತ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಫೋಟೊ ತೆಗೆಯುವ ಮುನ್ನ ಮಾವ ಮಾಡುತ್ತಿದ್ದಂತೆ, ಫಿಲಂ ಇಡುವ ಮರದ ಚೌಕಟ್ಟನ್ನು ಹಿಂದಿನಿಂದ ತಳ್ಳಿ ಕೂರಿಸಿದೆ. ಆ ಅಲುಗಾಟಕ್ಕೆ ಗಾಲಿ ಸವೆದ ಹಲ್ಲಿನ ಹಿಡಿತ ತಪ್ಪಿ, ಹಲಗೆ ಗೆರೆಯಿಂದ ಕೂದಲೆಳೆಯಷ್ಟು ಹಿಂದೆ ಸರಿಯಿತು. ಮತ್ತೆ ಮಾಡಿದೆ. ಮತ್ತೆ ಸರಿಯಿತು. ಲೆನ್ಸ್ ಹಿಂದೆ ಸರಿದರೆ ಹತ್ತಿರದ್ದು ಮಸುಕಾಗಿ ಅದರ ಹಿಂದಿರುವುದು ಸ್ಪಷ್ಟವಾಗುತ್ತದೆ. ಮುಖದ ಬದಲು ಪರದೆಯ ಹೂವು.

ಮಾವನಿಗೆ ಫೋನ್ ಮಾಡಲು ಹೊರಟು ಕೈ ಹಿಂದೆಗೆದೆ. ಹಲ್ಲು ಸವೆದದ್ದು ನಿಜ. ಕಣ್ಣೂ ಮಂದವಾಗಿದ್ದರೆ? ಎರಡೂ ಇರಬಹುದಲ್ಲ. ಆಸೆ ಹುಟ್ಟಿಸಿ, ಗಾಜಿನ ಮುಂದೆ ಕೂರಿಸಿ, ಅಲ್ಲಿ ಏನೂ ಕಾಣದೆ ಹೋದರೆ ಆ ಮನುಷ್ಯನಿಗೆ ನಾನು ಏನು ಹೇಳಲಿ? ಮೊದಲು ಯಂತ್ರ ಸರಿಯಾಗಲಿ, ಅವರು ನೋಡಲಿ, ಆಮೇಲೆ ಮಾತು ಎಂದುಕೊಂಡೆ.

ಹೊಸ ಪಟ್ಟಿ ಎಲ್ಲೂ ಸಿಗುವುದಿಲ್ಲ. ಇರುವ ಪಟ್ಟಿಗಳನ್ನೇ ತಲೆಯಿಂದ ಬುಡಕ್ಕೆ ತಿರುಗಿಸಿ ಕೂರಿಸಿದೆ. ಹಾಗೆ ಮಾಡಿದರೆ ಸವೆದ ಭಾಗ ಗಾಲಿ ಸುಮ್ಮನೆ ದಾಟಿಹೋಗುವ ಕಡೆಗೆ ಬರುತ್ತದೆ, ಹೊಸ ಹಲ್ಲುಗಳು ಕುರ್ಚಿಯ ದೂರಕ್ಕೆ ಬರುತ್ತವೆ. ಹಳೆಯ ತಿರುಪಿನ ತೂತುಗಳಿಗೆ ತೇಗದ ಕಡ್ಡಿ ಜಡಿದು ಮುಚ್ಚಿ, ಪಕ್ಕದಲ್ಲಿ ಹೊಸ ತೂತು ಕೊರೆದೆ. ಗುಂಡಿಯ ಕಂಬಿ ಅಲ್ಲಾಡುತ್ತಿದ್ದ ಕಡೆ, ಹೊಲಿಗೆ ಯಂತ್ರಕ್ಕೆ ಹಾಕುವ ಬುಷ್ ಎಂಬ ಚಿಕ್ಕ ಲೋಹದ ಬಳೆಯೊಂದನ್ನು ಅರದಲ್ಲಿ ಉಜ್ಜಿ ಸೇರಿಸಿದೆ. ಒಂದು ತೊಟ್ಟು ಎಣ್ಣೆಯನ್ನೂ ಹಲ್ಲಿಗೆ ಬಿಡಲಿಲ್ಲ. ಗುಂಡಿ ತಿರುಗಿಸಿದೆ. ಬೆರಳಿಗೆ ಪ್ರತಿ ಹಲ್ಲೂ ತಿಳಿಯುವ ಹಾಗೆ, ಸದ್ದಿಲ್ಲದೆ ಸರಿಯಿತು. ಅಂಗಡಿಯ ಎದುರಿನ ಗೋಡೆಗೆ ಹಿಡಿದು ಗಾಜಿನ ನಡುವನ್ನು ನೋಡಿದೆ. ಸ್ಪಷ್ಟವಾಗಿತ್ತು. ನಡುವನ್ನಷ್ಟೇ ನೋಡಿದೆ.

ಹೊಸದುರ್ಗಕ್ಕೆ ಒಯ್ದಾಗ ಸ್ಟುಡಿಯೋದಲ್ಲಿ ರಾಗಿ ಚೀಲಗಳಿದ್ದವು. ಅವನ್ನು ಸರಿಸಿ, ಕುರ್ಚಿಯನ್ನು ಅದರ ಗುಳಿಗಳಲ್ಲಿ ಇಟ್ಟು, ಅತ್ತೆಯನ್ನು ಕೂರಿಸಿದೆ. ಸೂರಿನ ಗಾಜಿನಿಂದ ಬೆಳಕು ಅವರ ಒಂದು ಕೆನ್ನೆಗೆ ಬೀಳುತ್ತಿತ್ತು.

"ಮಾವ, ಗುಂಡಿ ಹೆಂಗೈತೆ ಒಂದ್ಸಲ ನೋಡ್ರಿ."

"ಹೋಟೆಲಿನೋರು ನೋಡ್ಕಂತಾರೆ ಬಿಡೋ."

"ಅವ್ರು ಇಡ್ಲಿ ನೋಡ್ಕಳ್ಲಿ," ಎಂದರು ಅತ್ತೆ. "ಒಲೆ ಮ್ಯಾಲೆ ಸಾರಿಟ್ಟು ಬಂದೀನಿ. ನೋಡೋದಿದ್ರೆ ಬ್ಯಾಗ ನೋಡ್ರಿ."

ಮಾವ ಕಂಬಳಿಯನ್ನು ಕಣ್ಣಿಗೊತ್ತಿಕೊಂಡು ತಲೆಯ ಮೇಲೆ ಹೊದ್ದು ಕ್ಯಾಮೆರಾದ ಹಿಂದೆ ಬಗ್ಗಿದರು. ಗುಂಡಿ ನಿಧಾನವಾಗಿ ತಿರುಗಿತು, ನಿಂತಿತು, ತುಸು ಹಿಂದಕ್ಕೆ ಬಂತು. 

"ಎಡಗಡೆ ಐತೆ," ಎಂದಿತು ಕಂಬಳಿಯೊಳಗಿನ ದನಿ. "ಬಲಗಡೆ ಮಂಜು."

ಮತ್ತೆ ಗುಂಡಿ ತಿರುಗಿತು.

"ಈಗ ಬಲಗಡೆ ಬಂತು, ಎಡಗಡೆ ಹೋತು." ಅವರು ಕಂಬಳಿ ಸರಿಸಿ ಹೊರಗೆ ಬಂದು ರಾಗಿ ಚೀಲದ ಮೇಲೆ ಕುಳಿತರು. ಕನ್ನಡಕ ತೆಗೆದು ಮಡಚಿದರು. "ನಾನೇನ್ ಸುಮ್ನೆ ಹೇಳಿದ್ನೇನಪ್ಪ? ಅರ್ಧ ಕಾಣ್ತೈತೆ, ಅರ್ಧ ಕಾಣಲ್ಲ. ಕಟ್ಟಿಡು ಅದನ್ನ."

ಅತ್ತೆ ಸಾರಿನ ಮಾತೆತ್ತಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನನ್ನೇ ನೋಡಿದರು. ನಾನೇ ತಂದು ಈ ಮನುಷ್ಯನಿಗೆ ಎರಡನೆಯ ಸಲ ಆ ಏಟು ಕೊಟ್ಟೆನಲ್ಲ ಎನಿಸಿತು. ಏನು ಮಾಡಲೂ ತೋಚದೆ, ಕಂಬಳಿಯೊಳಗೆ ನಾನೂ ಬಗ್ಗಿದೆ.

ಉಣ್ಣೆಯ ವಾಸನೆ, ಕತ್ತಲು. ಆ ಕತ್ತಲಲ್ಲಿ ಅತ್ತೆ ತಲೆಕೆಳಗಾಗಿ ಬೆಳಗುತ್ತಿದ್ದರು. ಅಂಗಡಿಯಿಂದ ತಂದಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಗಾಜಿಗೆ ಹತ್ತಿರ ಹೋದೆ. ಬಲಗಡೆ ಅತ್ತೆಯ ಮೂಗುತಿಯ ಹರಳೂ ರೆಪ್ಪೆಯೂ ಸ್ಪಷ್ಟ. ಎಡಗಡೆ ಕಿವಿ, ಹೆಗಲು, ಕುರ್ಚಿಯ ಕೈ, ಎಲ್ಲ ಮಂಜು. ನನ್ನ ಕಣ್ಣಿಗೂ ಮಂಜು.

ಹೊರಗೆ ಬಂದು ಲೆನ್ಸಿನ ಹಲಗೆಯಿಂದ ಹಿಂದಿನ ಗಾಜಿನ ಚೌಕಟ್ಟಿಗೆ ಎರಡೂ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಅಳೆದೆ. ಎರಡೂ ಕಡೆ ಒಂದೇ ಇರಲಿಲ್ಲ. ಜೋಡಿಸುವಾಗ ನಾನು ಒಂದು ಬದಿಯ ಗಾಲಿಯನ್ನು ಒಂದು ಹಲ್ಲು ಮುಂದೆ ಕೂರಿಸಿದ್ದೆ. ಹಲಗೆ ಓರೆಯಾಗಿ ನಿಂತಿತ್ತು. ಅಂಗಡಿಯಲ್ಲಿ ನನ್ನ ಕಣ್ಣಿಗೆ, ನನ್ನ ಬೆರಳಿಗೆ ಸಿಗದಿದ್ದ ಆ ಓರೆಯನ್ನು ಮಾವ ಕಂಬಳಿ ಹೊದ್ದ ಕೂಡಲೇ ಕಂಡಿದ್ದರು. ಎಡ ಯಾವುದು, ಬಲ ಯಾವುದು ಎಂದೂ ಹೇಳಿದ್ದರು.

 ತಿರುಪು ಬಿಚ್ಚಿ, ಒಂದು ಹಲ್ಲು ಹಿಂದಕ್ಕೆ ತಂದು, ಅಳೆದು, ಮತ್ತೆ ಅಳೆದು, ಬಿಗಿಮಾಡಿದೆ.

"ಇನ್ನೊಂದ್ಸಲ ಮಾವ."

"ಬ್ಯಾಡ ಕಣೋ."

"ಹೋಗ್ರಿ, ಅಷ್ಟೊಂದು ಹೇಳ್ತಾನೆ," ಎಂದರು ಅತ್ತೆ.

ಈ ಸಲ ಕಂಬಳಿಯೊಳಗಿಂದ ಎಡ, ಬಲ ಎಂಬ ದೂರು ಬರಲಿಲ್ಲ. ಗುಂಡಿ ತಿರುಗಿ ನಿಂತ ಮೇಲೂ ಅವರು ಎದ್ದು ಬರಲಿಲ್ಲ. ನಾನು ಹೊರಗೆ ನಿಂತೇ ಹೇಳಿದೆ. ಪಟ್ಟಿ ಒಂದೇ ಜಾಗದಲ್ಲಿ ಸವೆದದ್ದು, ಚೌಕಟ್ಟು ತಳ್ಳಿದರೆ ಲೆನ್ಸ್ ಜಾರುತ್ತಿದ್ದದ್ದು, ಈಗಿನ ಓರೆ ನನ್ನದು, ಅದನ್ನು ಹಿಡಿದದ್ದು ಅವರ ಕಣ್ಣು. ಸವೆತಕ್ಕೆ ಹರಳೆಣ್ಣೆ ಕಾರಣ ಎಂಬುದನ್ನೂ ಮುಚ್ಚಿಡಲಿಲ್ಲ.

"ನನ್ ತಲೆಗೆ ಹಚ್ಕಳಾಕೆ ಎಣ್ಣೆ ಉಳಿಸ್ತಿರಲಿಲ್ಲ," ಎಂದರು ಅತ್ತೆ. "ಎಲ್ಲಾ ಅದರ ಹಲ್ಲಿಗೇ ಸುರಿಯೋರು."

ಮಾವ ನಗುತ್ತಾರೆ ಎಂದುಕೊಂಡೆ. ಆದರೆ ಕಂಬಳಿ ಸರಿಸಿದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

"ಆ ಹಾಲುರಾಮೇಶ್ವರದೋರು ಬಂದಾಗ್ಲೇ ಸವೆದಿತ್ತಾ?"

"ಅದಕ್ಕೂ ಮುಂಚೇನೇ ಸವೆದಿರಬೇಕು ಮಾವ."

ಅವರು ಕ್ಯಾಮೆರಾದ ಮೇಲೆ ಕೈಯಿಟ್ಟುಕೊಂಡು ನಿಂತರು. 

"ಹಂಗಾದ್ರೆ ಅವತ್ತು ನಾನು ನೋಡಿದ್ದು ಸರಿ ಇತ್ತು," ಎಂದರು. ತಮಗೇ ಹೇಳಿಕೊಂಡ ಹಾಗಿತ್ತು. "ಅವ್ರ ಕಣ್ಣಾಗೆ ಈ ಸೂರಿನ ಗಾಜು ಕಾಣ್ತಿತ್ತು. ನಾನು ನೋಡಿದ್ದೆ."

  ಮಾವ ಜೇಬಿನಿಂದ ಮೊಬೈಲ್ ತೆಗೆದರು. ಸಾಮಾನ್ಯವಾಗಿ ಅದನ್ನು ಅತ್ತೆಯ ಕೈಗೆ ಕೊಟ್ಟು ನಂಬರ್ ಹುಡುಕಿಸುವವರು, ಈ ಸಲ ತಾವೇ ಹುಡುಕಿ ಒತ್ತಿ ಕಿವಿಗಿಟ್ಟುಕೊಂಡರು.

"ಸ್ವಾಮಿ, ಹೊಸದುರ್ಗದಿಂದ. ಆ ಕ್ಯಾಮೆರಾ ಕೊಡಾಕಾಗಲ್ರಿ. ಇಲ್ಲ ಇಲ್ಲ, ರಿಪೇರಿ ಆಗೈತೆ. ಆಗೈತೆ ಅಂತಾನೇ ಕೊಡಾಕಾಗಲ್ಲ. ನಂಗೆ ಅದ್ರಾಗೆ ಕೆಲಸ ಐತೆ."

"ನಾನಿನ್ನು ಏಳ್ಲಾ?" ಎಂದರು ಅತ್ತೆ. "ಸಾರು ಉಕ್ಕಿರ್ತೈತೆ."

"ಒಲೆ ಇವ್ನು ಆರಿಸ್ತಾನೆ. ನೀನು ಅಲ್ಲಾಡಬ್ಯಾಡ," ಎಂದು ಮಾವ ಮತ್ತೆ ಕಂಬಳಿಯೊಳಗೆ ಹೋದರು.