ವಾಟಿ ಗೈಯನ್ ಬಳಿಸಿದ ಬಣ್ಣ

ಅಬರ್ಡೀನ್ ಬಂದರಿನ ಬಾಯಲ್ಲಿರುವ ನಮ್ಮ ಫಿಟ್ಟಿ ಕೇರಿಯಲ್ಲಿ, ಮೀನುದೋಣಿ ಬಿಟ್ಟು ಚಹಾ ಹಡಗು ಹತ್ತಿದವನನ್ನು ಅರ್ಧ ಗಂಡಸೆಂದೇ ಎಣಿಸುತ್ತಿದ್ದರು. ವಾಟಿ ಗೈಯನ್ ಆ ಹೀಯಾಳಿಕೆಯನ್ನು ಹರೆಯದಿಂದ ನಡುವಯಸ್ಸಿನವರೆಗೂ ತಾಳಿಕೊಂಡ. ತಾಳಿಕೊಳ್ಳಲು ಅವನಿಗೊಂದು ಹೆಮ್ಮೆಯ ಆಸರೆಯಿತ್ತು. ಚೀನಾದಿಂದ ಹೊಸ ಫಸಲಿನ ಚಹಾ ಹೊತ್ತು ಲಂಡನ್ನಿಗೆ ಪೈಪೋಟಿಯಲ್ಲಿ ಓಡುತ್ತಿದ್ದ ಹಾಯಿಹಡಗುಗಳಲ್ಲಿ ‘ಇಸಬೆಲ್ ಡನ್’ನಷ್ಟು ಚೊಕ್ಕಟವಾದದ್ದು ಇನ್ನೊಂದಿರಲಿಲ್ಲ, ಆ ಚೊಕ್ಕಟತನ ಅದರ ತಂಡೇಲನಾಗಿದ್ದ ವಾಟಿಯದು.

ಕಪ್ತಾನ ಒಂದು ಮಾತು ಆಡುತ್ತಿದ್ದ. ಅದನ್ನು ಮೂವತ್ತು ಆಳುಗಳ ಮೈಗೆ ಇಳಿಸುವುದು ತಂಡೇಲನ ಕೆಲಸ. ಗಾಳಿ ಒಂದಿಷ್ಟು ವಾಲಿದರೆ ಹಾಯಿಗಳೆಲ್ಲ ಅದರೊಂದಿಗೆ ವಾಲಬೇಕು. ಒದ್ದೆ ಬಟ್ಟೆಯಲ್ಲೇ ಉಣ್ಣಬೇಕು, ಒದ್ದೆ ಬಟ್ಟೆಯಲ್ಲೇ ಮಲಗಬೇಕು, ಕಣ್ಣು ಕೂಡುವಷ್ಟರಲ್ಲಿ ಮತ್ತೆ ಹಗ್ಗ. ಉಪ್ಪುನೀರಿಗೆ ಬಿರಿದ ಅಂಗೈಗೆ ವಾಟಿ ಟಾರು ಮೆತ್ತಿಕೊಳ್ಳುತ್ತಿದ್ದ. ಬೈಗುಳವೂ ಅವನಲ್ಲಿ ಅಳತೆಯದು. ಎರಡನೆಯ ಸಲ ಬೈಸಿಕೊಂಡವನು ಮೂರನೆಯದಕ್ಕೆ ಕಾಯುತ್ತಿರಲಿಲ್ಲ.

ಹೆಂಡತಿ ಎಲ್ಸ್ಪೆತ್‌ಗೆ ತವರಿನ ಕಡೆಯಿಂದ ಉಳಿದಿದ್ದವನು ತಮ್ಮ ಆಲಿಕ್ ಒಬ್ಬನೇ. ತಂದೆ, ಅಣ್ಣಂದಿರು ಮೀನಿಗೆ ಹೋದವರು ಮರಳಿರಲಿಲ್ಲ. ಆಲಿಕ್ ಭಾವನ ಹಡಗನ್ನೇ ಹತ್ತುತ್ತೇನೆಂದಾಗ ಅವಳು ಗಂಡನ ಅಂಗಿಯ ತೋಳು ಹಿಡಿದು ನಿಲ್ಲಿಸಿದಳು.

“ನಂಗೆ ರೇಷ್ಮೆ ಬೇಡ, ಪಿಂಗಾಣಿ ಬೇಡ. ಇವನ್ನ ವಾಪಸ್ ಕರ್ಕೊಂಡ್ ಬಾ, ಸಾಕು.”

“ನಾನೇನು ಅವನನ್ನ ಚೀನಾದೋರಿಗೆ ಮಾರ್ತೀನಾ?”

“ಮಾರಿದ್ರೂ ತಗೊಳ್ಳೋರ್ಯಾರು, ಅಕ್ಕ?” ಎಂದು ಆಲಿಕ್ ನಕ್ಕ. ಅವಳು ನಗಲಿಲ್ಲ.

ಬಂದರು ಮುಟ್ಟುವ ಮುನ್ನ ಹಡಗಿಗೆ ಪೂರ್ತಿ ಬಣ್ಣ ಬಳಿಯುವುದು ಆ ಹಡಗುಗಳ ಪದ್ಧತಿ. ಮರಳಿ ಬರುವ ದಾರಿಯಲ್ಲಿ ಗಾಳಿ ಹದವಾಗಿ ಬೀಸುವ ದಿನಗಳಲ್ಲಿ ಕಟಕಟೆ, ಕೂವೆಮರ, ಡೆಕ್ಕಿನ ಮೇಲೆ ಬಿಗಿದಿಟ್ಟ ದೋಣಿ, ಎಲ್ಲಕ್ಕೂ ಕುಂಚ ಆಡುತ್ತಿತ್ತು. ದೋಣಿಯ ಮೇಲೆ ವಾಟಿಗೆ ವಿಶೇಷ ಅಕ್ಕರೆ. ಅದಕ್ಕೂ, ಅದನ್ನು ಬಿಗಿದ ಹಗ್ಗಗಳಿಗೂ, ಗಂಟುಗಳಿಗೂ ಪ್ರತಿ ಯಾನದಲ್ಲೂ ಬಿಳಿ ಬಣ್ಣ. ಬಿಚ್ಚಿದರೆ ಬಣ್ಣ ಉದುರುತ್ತದೆಂದು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

“ಭಾವಾ, ಇದು ದೋಣಿನೋ ಮದುವೆ ಕೇಕೋ?” ಎಂದ ಆಲಿಕ್, ಕುಂಚ ಅದ್ದುತ್ತ.

“ನಾಲಿಗೆಗಿಂತ ಕೈ ಜಾಸ್ತಿ ಆಡ್ಸು. ಆ ಗಂಟಿಗೆ ಬಣ್ಣ ಬಿಟ್ಟೋಗಿದೆ ನೋಡು.”

ಆಲಿಕ್ ಆ ಗಂಟಿಗೂ ಬಳಿದ.

ಅಝೋರ್ಸ್ ದ್ವೀಪಗಳನ್ನು ದಾಟಿದ ಮೇಲೆ, ಹಿಂದೆ ಪೈಪೋಟಿಯ ಹಡಗಿನ ಹಾಯಿಗಳು ಕಾಣುತ್ತಿದ್ದ ಒಂದು ಬೆಳಗ್ಗೆ, ಗಾಳಿ ಒಮ್ಮೆಲೇ ಹೊಡೆಯಿತು. ಮೇಲಿನ ಹಾಯಿ ಮಡಚಲು ಏರಿದ್ದ ಆಲಿಕ್ ಕಾಲು ಜಾರಿ ಸಮುದ್ರಕ್ಕೆ ಬಿದ್ದ. ಕಪ್ತಾನ ಮೆಲ್‌ಡ್ರಮ್ ಹಡಗು ನಿಲ್ಲಿಸಲಾರನೆಂದೇ ಎಲ್ಲರೂ ಎಣಿಸಿದ್ದರು. ಅವನು ನಿಲ್ಲಿಸಿದ. ಗೆಲ್ಲುವ ಪಂದ್ಯವನ್ನು ಪಣಕ್ಕಿಟ್ಟು ಹಡಗನ್ನು ಗಾಳಿಗೆದುರು ತಿರುಗಿಸಿ, “ದೋಣಿ ಇಳಿಸಿ!” ಎಂದು ಕೂಗಿದ.

ಫಿಟ್ಟಿಯವರು ಈಜು ಕಲಿಯುವುದಿಲ್ಲ. ಸಮುದ್ರ ಕೇಳಿದ್ದನ್ನು ಇಲ್ಲವೆನ್ನಬಾರದೆಂಬುದು ನಮ್ಮ ಹಿರಿಯರ ಮಾತು. ಆ ಮಾತು ಮೀರಿ ಆಲಿಕ್ ಚೀನಾದ ನದಿಯಲ್ಲಿ ಕೈಕಾಲು ಬಡಿಯುವುದನ್ನು ಕಲಿತಿದ್ದ. ಆದ್ದರಿಂದ ಅವನು ಮುಳುಗಲಿಲ್ಲ, ಕಾದ.

“ಭಾವಾ, ನೀರು ಭಾರಿ ತಣ್ಣಗಿದೆ, ಬೇಗ ಬಾ!”

ವಾಟಿ ಗಂಟಿಗೆ ಕೈ ಹಾಕಿದ. ಅದು ಗಂಟಾಗಿ ಉಳಿದಿರಲಿಲ್ಲ, ಬಿಳಿಯ ಕಲ್ಲಾಗಿತ್ತು. ಚಾಕು ಹಾಕಿದರು, ಪದರ ಪದರವಾಗಿ ಬಣ್ಣ ಎದ್ದಿತೇ ಹೊರತು ಹಗ್ಗ ಸಿಗಲಿಲ್ಲ. ಕೊಡಲಿಯಿಂದ ಹಗ್ಗ ತುಂಡಾದಾಗ, ದೋಣಿ ತಾನು ಕೂತ ಮರದ ದಿಮ್ಮಿಗೆ ಅಂಟಿಕೊಂಡಿತ್ತು. ಹಾರೆ ಕೊಟ್ಟು ಮೀಟಿದರು. ಅಡಿಹಲಗೆಯೊಂದು ಬಣ್ಣದೊಂದಿಗೇ ದಿಮ್ಮಿಯಲ್ಲಿ ಉಳಿದು, ದೋಣಿ ಮಾತ್ರ ಮೇಲೆದ್ದಿತು. ಆ ಹೊತ್ತಿಗೆ ನೀರಿನ ಕಡೆಯಿಂದ ದನಿ ಬರುವುದು ನಿಂತಿತ್ತು.

ಆದರೂ ‘ಇಸಬೆಲ್ ಡನ್’ ಲಂಡನ್ನಿಗೆ ಮೊದಲನೆಯದಾಗಿ ಬಂತು. ದಡದಲ್ಲಿ ಜನ ಟೋಪಿ ಬೀಸಿದರು. ಬಂದರು ಸೇರುವ ಮುನ್ನ ಕಪ್ತಾನನ ಅಪ್ಪಣೆಯಂತೆ ಬಡಗಿ ಹೊಸ ಹಲಗೆ ಜೋಡಿಸಿ ಬಣ್ಣ ಬಳಿದಿದ್ದ. ಹಡಗಿನ ಮಾಲೀಕ ಆ ದೋಣಿಯ ಮೇಲೆ ಕೈಯಾಡಿಸಿ, “ಕನ್ನಡಿ ಕಣಯ್ಯ, ಕನ್ನಡಿ!” ಎಂದು ವಾಟಿಯ ಬೆನ್ನು ತಟ್ಟಿದ.

ಕಪ್ತಾನ ಅವನನ್ನು ಪಕ್ಕಕ್ಕೆ ಕರೆದ. “ಊರಲ್ಲಿ ಏನ್ ಹೇಳ್ತೀಯ? ದೋಣಿ ಇಳಿಸಿದ್ವಿ, ಅಲೆ ಬಿಡ್ಲಿಲ್ಲ ಅನ್ನು. ನಿಂಗೂ ಒಳ್ಳೇದು, ಹೆಂಡತಿಗೂ ಒಳ್ಳೇದು.”

ಅದು ಕೆಟ್ಟ ಸಲಹೆಯಾಗಿರಲಿಲ್ಲ. ಸಮುದ್ರ ಒಯ್ದದ್ದಕ್ಕೆ ಫಿಟ್ಟಿಯಲ್ಲಿ ಯಾರೂ ಯಾರನ್ನೂ ದೂರುವುದಿಲ್ಲ. ಅಳುತ್ತಾರೆ, ಮರುದಿನ ಗಾಳಕ್ಕೆ ಎರೆ ಸಿಕ್ಕಿಸುತ್ತಾರೆ.

ವಾಟಿ ಮನೆ ಸೇರಿದಾಗ ಎಲ್ಸ್ಪೆತ್ ಬಾಗಿಲಲ್ಲಿ ಕೂತು ಎರೆಗಾಗಿ ಚಿಪ್ಪುಮೀನು ಬಿಡಿಸುತ್ತಿದ್ದಳು. ಅವನ ಹಿಂದೆ ಯಾರೂ ಇಲ್ಲದ್ದನ್ನು ಕಂಡಳು.

“ಸಮುದ್ರ ತಗೊಂಡ್ಬಿಡ್ತಾ?”

ಅಷ್ಟಕ್ಕೆ ಹೌದೆಂದಿದ್ದರೆ ಮುಗಿಯುತ್ತಿತ್ತು. ವಾಟಿ ಮುಗಿಸಲಿಲ್ಲ. ಕಪ್ತಾನ ಹಡಗು ನಿಲ್ಲಿಸಿದ್ದು, ಆಲಿಕ್ ಈಜುತ್ತಿದ್ದದ್ದು, ಕರೆದದ್ದು, ಗಂಟು, ಬಣ್ಣ, ಎಲ್ಲವನ್ನೂ ಹೇಳಿದ. ಹೇಳಿದರೆ ಎದೆ ಹಗುರಾದೀತೆಂದುಕೊಂಡಿದ್ದನೋ ಏನೋ.

ಅವಳು ಕೈಯಲ್ಲಿದ್ದ ಚಿಪ್ಪನ್ನು ಬಿಡಿಸಿ ಮುಗಿಸಿದಳು. ಆಮೇಲೆ ಹೇಳಿದಳು: “ಒಂದು ಸುಳ್ಳು ಹೇಳಿದ್ರೆ ನಿನ್ ಜೊತೆ ಬಾಳ್ತಿದ್ದೆ ಕಣೋ. ಅಷ್ಟೂ ಕೈಲಾಗ್ಲಿಲ್ವಾ ನಿಂಗೆ?”

ಅಂದೇ ಕೇರಿಯ ಚೌಕದ ಆಚೆ ಬದಿಯಲ್ಲಿದ್ದ ತವರಿನ ಖಾಲಿ ಮನೆಗೆ ಹೋದಳು. ಎರಡೂ ಬಾಗಿಲುಗಳು ಎದುರುಬದುರು.

ಮುಂದಿನ ಯಾನಕ್ಕೆ ‘ಇಸಬೆಲ್ ಡನ್’ ಅವನನ್ನೇ ಕರೆಯಿತು. ವಾರಕ್ಕೊಮ್ಮೆ ದೋಣಿಯ ಹಗ್ಗ ಬಿಚ್ಚಿ, ದೋಣಿಯೆತ್ತಿ ನೋಡಲು ಬಿಡುವುದಾದರೆ ಬರುತ್ತೇನೆಂದ. ಕಪ್ತಾನ ಸಿಡುಕಲೂ ಇಲ್ಲ.

“ಬಣ್ಣ ಉದುರುತ್ತಲ್ಲಯ್ಯ, ತಂಡೇಲ. ನಿನ್ನ ಕರ್ದಿದ್ದೇ ಆ ಬಣ್ಣಕ್ಕೆ.”

ವಾಟಿ ಇಳಿದು ಬಂದ. ಬಂದರಿನ ಹೂಳೆತ್ತುವ ಕೆಲಸಕ್ಕೆ ಸೇರಿ, ಕೊನೆಯವರೆಗೂ ಕೆಸರು ತೋಡಿದ. ಅರ್ಧ ಗಂಡಸೆಂದು ಹೀಯಾಳಿಸಲೂ ಈಗ ಯಾರೂ ಅವನ ಬಳಿ ನಿಲ್ಲುತ್ತಿರಲಿಲ್ಲ.

ಅವನು ಹಡಗು ಬಿಟ್ಟ ಕಾರಣವನ್ನು ನೆರೆಯವಳೊಬ್ಬಳು ಎಲ್ಸ್ಪೆತ್‌ಗೆ ಮುಟ್ಟಿಸಿದಳು. ಅವಳ ಮನಸ್ಸು ಕರಗೀತೆಂಬ ಆಸೆ. ಎಲ್ಸ್ಪೆತ್ ತಲೆಯೆತ್ತದೆ, ಚಿಪ್ಪಿನ ಸಂದಿಗೆ ಚಾಕು ತೂರಿಸುತ್ತ, “ಬಣ್ಣ ಈಗ ಬಿಟ್ನಾ?” ಎಂದಳು.