ಸುಮಿತ್ರಕ್ಕನ ಪಂಕ್ತಿ

ಸುಮಿತ್ರಕ್ಕನಿಗೆ ‘ಡಿ’ಯನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಡಿ ಅಂದರೆ ನನ್ನ ಬ್ಯಾಂಕ್ ಪರೀಕ್ಷೆಯ ಪುಸ್ತಕದ ಡಿ. ಎಂಟು ಜನ ದುಂಡುಮೇಜಿನ ಸುತ್ತ ಕೂತಿದ್ದಾರೆ, ಎ ಮತ್ತು ಬಿ ಇಬ್ಬರೂ ಡಿಯ ಪಕ್ಕದಲ್ಲಿಲ್ಲ ಎಂದು ನಾನು ಓದಿದರೆ, ಒಲೆಯ ಮುಂದಿನಿಂದಲೇ ಕೇಳುವರು: “ಯಾಕಂತೆ? ಏನು ಮಾಡಿದ್ನಂತೆ ಅವ್ನು?”

ಕಳಸದಲ್ಲಿ ನಮ್ಮ ಪಕ್ಕದ ಮನೆ ಅವರದು. ನಮ್ಮಲ್ಲಿ ಸಿಗದ ನೆಟ್‌ವರ್ಕ್ ಅವರ ಅಡುಗೆಮನೆಯ ಕಿಟಕಿಯಲ್ಲಿ ಸಿಗುತ್ತಿದ್ದುದರಿಂದ ನನ್ನ ಓದೆಲ್ಲ ಅಲ್ಲೇ. ಮರುವರ್ಷ ನನಗೆ ವಯಸ್ಸು ಮೀರುತ್ತಿತ್ತು, ಅದೇ ಕೊನೆಯ ಅವಕಾಶ. ಲೆಕ್ಕ ಹೇಗೋ ಆಗುತ್ತಿತ್ತು, ಈ ಕೂರಿಸುವ ಪ್ರಶ್ನೆಗಳಲ್ಲಿ ಮಾತ್ರ ಪ್ರತಿಸಲ ಕೊನೆಗೆ ಒಂದೇ ಕುರ್ಚಿಗೆ ಇಬ್ಬರಾಗುತ್ತಿದ್ದರು.

ಸುಮಿತ್ರಕ್ಕ ಸ್ಟೀಲ್ ಲೋಟಗಳನ್ನು ಸುತ್ತ ಇಟ್ಟು ನೋಡುವರು. ಸೊಟ್ಟ ಲೋಟ ಯಾವಾಗಲೂ ಡಿ. “ಯಾರು ಎಲ್ಲಿ ಕೂರ್ಬಾರ್ದು, ಅದನ್ನ ಮೊದ್ಲು ನೋಡು ಮಾರಾಯ್ತಿ. ಉಳಿದೋರು ಹೆಂಗೋ ಕೂರ್ತಾರೆ.” ಇದು ಅವರು ಮನೆಯ ಊಟದ ಪಂಕ್ತಿಯಲ್ಲಿ ಕಲಿತದ್ದು. ಅವರ ಮೈದುನರಾದ ರಾಜಣ್ಣ, ಸುರೇಶಣ್ಣ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವ ಹಳ್ಳದ ನೀರಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದರು. ಒಬ್ಬರ ಎಲೆ ಈ ತುದಿಗೆ, ಇನ್ನೊಬ್ಬರದು ಆ ತುದಿಗೆ ಹಾಕಿದ ಮೇಲೆಯೇ ಸುಮಿತ್ರಕ್ಕ ಬೇರೆಯವರನ್ನು ಕರೆಯುತ್ತಿದ್ದದ್ದು.

ಹಾಗಂತ ಎಲ್ಲದರಲ್ಲೂ ಜಾಣೆಯಲ್ಲ. ಐದು ಕಂಪನಿಗಳ ಮಾರಾಟದ ಗ್ರಾಫ್ ತೋರಿಸಿದರೆ, ಇದರಲ್ಲಿ ಮನುಷ್ಯರೇ ಇಲ್ಲ, ನೀನೇ ಮಾಡ್ಕೋ ಎಂದು ಎದ್ದುಬಿಡುವರು. ಮನುಷ್ಯರಿದ್ದರೆ ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. ಉತ್ತರ ಸಿಕ್ಕಿ ನಾನು ಪುಟ ತಿರುಗಿಸಿದರೆ ಕೈ ಹಿಡಿಯುವರು: “ಕೂತ್ರು, ಸರಿ. ಆಮೇಲೆ ಏನಾಯ್ತು?”

ಆಮೇಲೆ ಏನೂ ಆಗುವುದಿಲ್ಲ, ಅಷ್ಟೇ ಪ್ರಶ್ನೆ ಅಂದರೆ ಅವರಿಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಇದೆಂಥ ಪುಸ್ತಕ ಅನ್ನುತ್ತಿದ್ದರು.

ಚಿಕ್ಕಮಗಳೂರಿನಲ್ಲಿ ಪರೀಕ್ಷೆ ಬರೆದು ಬಸ್ಸಿಳಿದವಳು ನೇರ ಅವರ ಅಡುಗೆಮನೆಗೇ ಹೋದೆ. ಹೇಗೆ ಬರೆದೆ ಅಂತ ಕೇಳಲಿಲ್ಲ. “ಯಾರ್ಯಾರು ಬಂದಿದ್ರು?” ಅಂದರು. ನೆನಪಿದ್ದಷ್ಟು ಹೇಳಿದೆ. ಈ ಸಲ ಡಿಯ ಎರಡೂ ಪಕ್ಕ ಜನ ಇದ್ದರು ಅಂದಾಗ ಅವರ ಮುಖ ಅರಳಿತು.

ಪರೀಕ್ಷೆ ಮುಗಿದಿದ್ದರಿಂದ ಮತ್ತೆ ಅವರೊಂದಿಗೆ ಹಾಗೆ ಕೂತು ಮಾತಾಡುವುದಾಗಲಿಲ್ಲ. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಎದೆನೋವು ಅಂದರು. ಮೂಡಿಗೆರೆಗೆ ಹೊರಟ ಜೀಪು ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಫಲಿತಾಂಶ ಬಂದದ್ದು ಅವರ ತಿಥಿಯ ಹಿಂದಿನ ದಿನ. ಪಾಸಾಗಿದ್ದೆ. ಸಂತೋಷವಾಯಿತು, ಕೂತು ಅತ್ತೆ.

ತಿಥಿಯ ದಿನ ಅವರ ಯಜಮಾನರು, ಅವಳ ಲೆಕ್ಕ ನಿನಗೇ ಗೊತ್ತಿರೋದು ಎಂದು ಪಂಕ್ತಿ ಕೂರಿಸುವ ಕೆಲಸ ನನಗೆ ಕೊಟ್ಟರು. ಮೊದಲು ರಾಜಣ್ಣನನ್ನು ಈ ತುದಿಗೆ, ಸುರೇಶಣ್ಣನನ್ನು ಆ ತುದಿಗೆ ಕೂರಿಸಿದೆ. ಬಡಿಸುವ ಹೊತ್ತಿಗೆ ಸುರೇಶಣ್ಣ ಎದ್ದರು. ಪಂಕ್ತಿಯುದ್ದಕ್ಕೂ ನಡೆದುಬಂದು ಅಣ್ಣನ ಪಕ್ಕದ ಖಾಲಿ ಎಲೆಗೆ ಕೂತರು.

“ಬೇರೆ ಬೇರೆ ಕೂರ್ಸೋಕೆ ಅತ್ತಿಗೆ ಇಲ್ವಲ್ಲ,” ಅಂದರು.

ರಾಜಣ್ಣ ತನ್ನ ನೀರಿನ ಲೋಟವನ್ನು ತಮ್ಮನ ಕಡೆ ಸರಿಸಿದರು.

ನಾನು ಸರಕ್ಕನೆ ಅಡುಗೆಮನೆಗೆ ನಡೆದೆ. ಆಮೇಲೆ ಏನಾಯ್ತು ಅಂತ ಹೇಳಲು ಕೊನೆಗೂ ನನ್ನ ಹತ್ತಿರ ಏನೋ ಇತ್ತು. ಕಿಟಕಿಯ ಹತ್ತಿರ ಹೋಗಿ ನಿಂತ ಮೇಲೆಯೇ ನೆನಪಾದದ್ದು, ಕೇಳುವವರು ಅಲ್ಲಿಲ್ಲ ಎಂದು.